ಪಿಯೋನಿ ಹೆಚ್ಚಿತು

ನಾನು ಓದಿದ್ದು ಕಾನ್ವೆಂಟಿನಲ್ಲಾದರೂ ನಾಲಿಗೆ ಪಳಗಿದ್ದು ನಮ್ಮಜ್ಜಿಯ ಅಡುಗೆಮನೆಯಲ್ಲಿ. ಅಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಅಕ್ಕಿ ಮುಗಿದ ದಿನ ಡಬ್ಬ ತುಂಬಿದೆ ಎನ್ನಬೇಕಿತ್ತು. ಅಶುಭ ನುಡಿಯದ ಈ ಅಭ್ಯಾಸ ಕಡಲಾಚೆಯ ಈಸ್ಟ್ ಬ್ರನ್ಸ್‌ವಿಕ್‌ವರೆಗೂ ಹಿಂಬಾಲಿಸಿ ಬಂದು ನನ್ನನ್ನು ಪೇಚಿಗೆ ಸಿಕ್ಕಿಸುತ್ತದೆಂದು ಯಾರಿಗೆ ಗೊತ್ತಿತ್ತು?

ಪಕ್ಕದ ಮನೆಯ ಹೆಲೆನ್ ನನ್ನ ವಯಸ್ಸಿನವಳೇ. ಒಂದು ವರ್ಷ ಎಲೆಯುದುರುವ ಫಾಲ್‌ನಲ್ಲಿ, ತನ್ನ ತಾಯಿ ನೆಟ್ಟಿದ್ದ ಪಿಯೋನಿ ಹೂಗಿಡದ ಗೆಡ್ಡೆಯನ್ನು ಎರಡು ಮಾಡಿ ಅರ್ಧ ನನಗೆ ಕೊಟ್ಟಳು. ಪೆರೆನಿಯಲ್ ಅಂತೆ, ಚಳಿಗೆ ಒಣಗಿದರೂ ವರ್ಷವರ್ಷ ಮತ್ತೆ ಚಿಗುರಿ ಮೊಮ್ಮಕ್ಕಳ ಕಾಲಕ್ಕೂ ಹೂ ಬಿಡುತ್ತದಂತೆ. ಆಮೇಲೆ ಡಿಸೆಂಬರಿನಲ್ಲಿ ಪೈಪ್ ರಿಪೇರಿಗೆ ಬಂದವರು ಅವಳ ಅರ್ಧವನ್ನು ಮಣ್ಣಿನ ಸಮೇತ ಎತ್ತಿಕೊಂಡು ಹೋದರು. ಅವಳ ತಾಯಿಯ ಗಿಡವೆಂದು ಉಳಿದದ್ದು ನನ್ನ ಹಿತ್ತಲಿನದೊಂದೇ. ಅಂಥಾ ಚಳಿಗಾಲದಲ್ಲಿ ನನಗೆ ಹೇಗೆ ನಿದ್ದೆ ಬರಬೇಕು, ಹೇಳಿ.

ಮಾರ್ಚ್ ಕೊನೆಗೆ ಸ್ನೋ ಕರಗಿತು. ಮೊಮ್ಮಗಳು ಅನುವನ್ನು ಕರೆದುಕೊಂಡು ದಿನಾ ಹೋಗಿ ನೋಡುತ್ತಿದ್ದೆ. ಬರೀ ಕೊಳೆತ ಎಲೆ.

"ಅಜ್ಜೀ, ಇಟ್ಸ್ ಡೆಡ್," ಎಂದಳು ಅನು.

"ಬಿಡ್ತು ಅನ್ನೇ!"

"ವಾಟ್ಸ್ ಬಿಡ್ತು?"

ಅಷ್ಟರಲ್ಲಿ ಬೇಲಿಯಾಚೆಯಿಂದ ಹೆಲೆನ್: "ಹೌ ಈಸ್ ಮಾಮಾಸ್ ಪಿಯೋನಿ?" ಸತ್ತಿದೆ ಎನ್ನಲು ನಾಲಿಗೆ ಏಳಲಿಲ್ಲ. ತಡವರಿಸಿ, "ಇಟ್ ಹ್ಯಾಸ್... ಇನ್‌ಕ್ರೀಸ್ಡ್," ಎಂದುಬಿಟ್ಟೆ. ಗ್ರಾಮರ್‌ನಲ್ಲಂತೂ ತಪ್ಪಿರಲಿಲ್ಲ.

"ಇನ್‌ಕ್ರೀಸ್ಡ್! ಗಾಡ್ ಬ್ಲೆಸ್ ಯು, ಹನಿ!" ಎನ್ನುತ್ತಾ ಹೆಲೆನ್ ಚಪ್ಪಲಿಯಲ್ಲೇ ಆ ಕೆಸರು ತುಳಿದು ಬಂದೇಬಿಟ್ಟಳು. ಅವಳ ಮುಖ ನೋಡಲಾರದೆ ನಾನು ಮಂಡಿಯೂರಿ ಕೂತು ಸುಮ್ಮನೆ ಎಲೆ ಸರಿಸತೊಡಗಿದೆ. "ಹೆಲೆನ್, ಇನ್ ಅವರ್ ಲ್ಯಾಂಗ್ವೇಜ್..." ಎಂದು ತಪ್ಪೊಪ್ಪಿಗೆ ಶುರುಮಾಡುವಷ್ಟರಲ್ಲಿ ಬೆರಳಿಗೆ ಏನೋ ತಗುಲಿತು. ಎಳೆಮಗುವಿನ ಕಿರುಬೆರಳಿನಂಥ ಕೆಂಪು ಮೊಳಕೆ! ಪಕ್ಕದಲ್ಲಿ ಇನ್ನೊಂದು. ಅನು ಕಿರುಚುತ್ತಾ ಎಣಿಸಿದಳು, "ಥ್ರೀ... ಫೋರ್!" ಹೆಲೆನ್ ಕೊಟ್ಟಾಗ ಗೆಡ್ಡೆಯಲ್ಲಿ ಇದ್ದದ್ದು ಮೊಳಕೆಯೊಡೆಯುವ ಮೂರೇ ಕಣ್ಣು.

ಹೆಲೆನ್ ಮೂಗು ಒರೆಸಿಕೊಂಡಳು. ಫಾಲ್ ಬರಲಿ, ಅರ್ಧ ನಿನಗೆ ಎಂದೆ. ನಮ್ಮಜ್ಜಿಗೆ, ಈ ಪರದೇಶದ ಮಣ್ಣಿಗೆ, ಕೈಯಾರೆ ಅಗೆದು ಕೊಟ್ಟ ಈ ಗೆಳತಿಗೆ, ಎಲ್ಲರಿಗೂ ಒಟ್ಟಿಗೇ ಕೈಮುಗಿದು ಏಳಹೊರಟೆ. ಮಂಡಿ ಒಪ್ಪಲಿಲ್ಲ. ಒಂದು ಕಡೆ ಹೆಲೆನ್, ಇನ್ನೊಂದು ಕಡೆ ಅನು ಹಿಡಿದು ಎಳೆದರು. ಚಳಿಗಾಲ ದಾಟಿ ಆ ದಿನ ನೆಲದಿಂದ ಮೇಲೆದ್ದವರಲ್ಲಿ ಇಬ್ಬರ ಸಹಾಯ ಬೇಕಾದದ್ದು ನನಗೊಬ್ಬಳಿಗೇ.