ನನ್ನ ಗೊರಕೆ ಮತ್ತು ಮೇಡಂ ಅವರ ಕಾಗದ

ನಮ್ಮ ಕೆಲಸದಲ್ಲಿ ನಗುವಂಥದ್ದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಧ್ಯಾಹ್ನ ಉಂಡು ಒಂದು ಕಡೆ ಸುಮ್ಮನೆ ಕೂತರೆ ಸಾಕು, ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವಿನ ಬಸ್ಸುಗಳಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳನ್ನೂ ಎಲ್ಲರ ಜೊತೆಗೇ ಕೂರಿಸಿ ಪಾಠ ಮಾಡುವುದು ಹೇಗೆ ಅಂತ ಮೇಷ್ಟ್ರುಗಳಿಗೆ ಹೇಳಿಕೊಡುವುದು ನನ್ನ ನೌಕರಿ. ಕೂತಲ್ಲೇ ಕಣ್ಣು ಎಳೆಯುವುದು ನನ್ನ ರೋಗ. ಹಾಗಾಗಿ ಇದರಲ್ಲಿ ಯಾವುದು ಆದದ್ದು, ಯಾವುದು ಕನಸಿನಲ್ಲಿ ಕಂಡದ್ದು ಅಂತ ನನಗೇ ಒಮ್ಮೊಮ್ಮೆ ಅನುಮಾನ ಬರುತ್ತದೆ. ಪುಣ್ಯಕ್ಕೆ ಒಬ್ಬರು ಮೇಡಂ ಸಾಕ್ಷಿ ಇದ್ದಾರೆ.

೧. ಕಣ್ಣಿಗೆ ಬಟ್ಟೆ

ಹಗರಿಬೊಮ್ಮನಹಳ್ಳಿಯಲ್ಲಿ ತರಬೇತಿ. ನಲವತ್ತು ಜನ ಶಿಕ್ಷಕರು. ಕಣ್ಣು ಕಾಣದಿದ್ದರೆ ಹೇಗಿರುತ್ತದೆ ಅಂತ ಇವರಿಗೂ ಗೊತ್ತಾಗಲಿ ಎಂದು ಎಲ್ಲರಿಗೂ ಟವೆಲ್ಲು, ವೇಲು ಕಟ್ಟಿಕೊಳ್ಳಲು ಹೇಳಿದೆ. "ಹತ್ತು ನಿಮಿಷ ಯಾರೂ ಮಾತಾಡಬ್ಯಾಡ್ರಿ. ಸುತ್ತಲಿನ ಸಪ್ಪಳ ಕೇಳ್ರಿ." ನೋಡಿ ಕಲಿಯಲಿ ಅಂತ ನಾನೂ ಕಟ್ಟಿಕೊಂಡೆ.

ಊಟಕ್ಕೆ ಮುಂಚೆ ಇದನ್ನು ಮಾಡಿಸಬೇಕಿತ್ತು. ಅವತ್ತು ಗೋಧಿ ಹುಗ್ಗಿ ಬೇರೆ. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು, ಹೊರಗೆ ಬೇವಿನ ಮರ ಸುಯ್ ಅನ್ನುತ್ತಿತ್ತು. ಅಷ್ಟು ಕೇಳಿದ್ದು ನೆನಪಿದೆ.

ಯಾರೋ ಭುಜ ಅಲುಗಿಸಿದರು. "ಏಳ್ರಿ ಸರ್. ಮುಕ್ಕಾಲು ತಾಸಾತು."

ಬಟ್ಟೆ ಬಿಚ್ಚಿ ನೋಡಿದರೆ ಆ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ಮೇಡಂ. ಹದಿನಾರನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದು ಎರಡೂ ಕಣ್ಣು ಕಳೆದುಕೊಂಡವರು. ಇಡೀ ಹಾಲಿನಲ್ಲಿ ಎಚ್ಚರ ಇದ್ದವರು ಅವರೊಬ್ಬರೇ.

"ಉಳಿದೋರು ಏನ್ ಮಾಡಾಕತ್ತಾರ ಮೇಡಂ?"

"ನಿಮ್ಮಂಗ ತರಬೇತಿ ತಗೊಳ್ಳಾಕತ್ತಾರ. ನೀವು ಸಪ್ಪಳ ಕೇಳ್ರಿ ಅಂದಿದ್ರಲ್ಲ, ಅದಕ್ಕ ಗೊರಕಿ ಎಣಿಸೀನಿ. ಮೂವತ್ತೆರಡು ಆದ್ವು. ನಿಮ್ಮದು ಎರಡು ನಮೂನಿ ಬರ್ತೈತ್ರಿ, ಎರಡು ಸರ್ತಿ ಎಣಿಸಿರಬೇಕು."

೨. ಕಾಗದ

ಮೇಡಂ ಅವರ ಶಾಲೆ ತೆಲಿಗಿ ಕಡೆಯ ಒಂದು ಹಳ್ಳಿಯಲ್ಲಿ. ಮೊದಲ ವರ್ಷ ಅವರ ಬೆನ್ನಿಗೆ ನಿಲ್ಲುವುದು ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಮಡಿಚಿದ ಕಾಗದ ಇಟ್ಟರು. ಬ್ರೈಲ್ ಅದು, ಬೆರಳಾಡಿಸಿ ಓದುವ ಉಬ್ಬು ಚುಕ್ಕಿ.

"ಇದನ್ನ ಪೆನ್ನಿನಾಗ ಬರೆದು ಶಿಕ್ಷಣ ಇಲಾಖಿ ಸಾಹೇಬ್ರಿಗೆ ಕೊಡ್ರಿ. ನನಗ ಪಾಠ ಬ್ಯಾಡ, ಆಫೀಸಿನಾಗ ಎಲ್ಲ್ಯಾರ ಒಂದು ಕಡಿ ಕುಂದ್ರಿಸ್ಲಿ."

"ಯಾಕವ್ವ? ಯಾರರ ಏನರ ಅಂದ್ರಾ?"

"ಯಾರೂ ಅಂದಿಲ್ರಿ. ನನ್ನ ಕ್ಲಾಸಿನಾಗ ಕಿವಿ ಕೇಳದ ಹುಡುಗಿ ಒಬ್ಬಾಕಿ ಅದಾಳ. ಆಕಿ ಕೈಸನ್ನಿ ನನಗ ಕಾಣಂಗಿಲ್ಲ, ನನ್ನ ಮಾತು ಆಕಿಗೆ ಕೇಳಂಗಿಲ್ಲ. ಒಂದು ವರ್ಷ ಆ ಕೂಸು ಸುಮ್ಮನ ಕುಂತು ಎದ್ದು ಹೋದ್ರ, ಆ ಪಾಪ ನನಗ ಬ್ಯಾಡ್ರಿ."

ಮೊಬೈಲಿನಲ್ಲಿ ಪಟಪಟ ಟೈಪ್ ಮಾಡುವ ಹೆಣ್ಣುಮಗಳು ಇದನ್ನು ಚುಕ್ಕಿಯಲ್ಲೇ ಯಾಕೆ ಬರೆದರು ಅಂತ ಆಗ ಹೊಳೆಯಲಿಲ್ಲ. ಬಿಚ್ಚಿದರೆ ಓದಬೇಕಾಗುತ್ತದೆ, ಓದಿದರೆ ಕೊಡಬೇಕಾಗುತ್ತದೆ. ಮಡಿಕೆ ಬಿಚ್ಚದೆ ಬ್ಯಾಗಿಗೆ ಹಾಕಿಕೊಂಡೆ. "ನನಗ ಬ್ರೈಲ್ ಬರ್ತೈತಿ, ಆದ್ರ ಭಾಳ ನಿಧಾನ ನೋಡ್ರಿ" ಅಂದೆ.

ಅವರ ಜೊತೆ ಬಸ್ಸು ಹತ್ತಿದ್ದೇ ಕಿಟಕಿ ಗಾಳಿಗೆ ಕಣ್ಣು ಮುಚ್ಚಿತು. ಕನಸಿನಲ್ಲಿ ಹಲವಾಗಲು ಹತ್ತಿರದ ಹೊಳೆ. ನೀರಿನ ಮೇಲೆ ಶಾಲೆಯ ಬೆಂಚುಗಳು ಸಾಲಾಗಿ ತೇಲುತ್ತಿವೆ. ಮಕ್ಕಳೆಲ್ಲ ಕೂತು ಏನೇನೋ ಸನ್ನೆ ಮಾಡುತ್ತಿದ್ದಾರೆ, ಎಲ್ಲರದೂ ಎಲ್ಲರಿಗೂ ತಿಳಿಯುತ್ತಿದೆ. ಅಷ್ಟರಲ್ಲಿ ಮೊಣಕೈ ತಿವಿತ. "ಸರ್, ನಮ್ಮ ಶಾಲಿ ತಿರುವು ಬಂತು, ಇಳೀರಿ." ನಾನು ಕಣ್ಣುಜ್ಜುತ್ತ ಅವರ ಭುಜ ಹಿಡಿದು ಇಳಿದೆ.

ಕಂಡಕ್ಟರ್ ಬಾಗಿಲಲ್ಲಿ ನಿಂತು, "ಮೇಡಂ, ನಿಮ್ಮ ಸರ್‌ನ ಹುಷಾರಾಗಿ ದಾಟಿಸಿಕೊಂಡು ಹೋಗ್ರಿ" ಅಂದ.

೩. ಹನ್ನೆರಡು ಹಾಳೆ

ಒಂದು ತಿಂಗಳು ಕೂತು ಆ ಹುಡುಗಿಗಾಗಿ ಯೋಜನೆ ಬರೆದೆ. ಚಿತ್ರದ ಕಾರ್ಡು, ಬಣ್ಣದ ದಾರ, ಬಾಣದ ಗುರುತು, ಒಟ್ಟು ಹನ್ನೆರಡು ದಪ್ಪ ಹಾಳೆ. ಹೊತ್ತುಕೊಂಡು ಹೋಗಿ ಕ್ಲಾಸಿನ ಬಾಗಿಲಲ್ಲಿ ನಿಂತೆ.

ಹುಡುಗಿ ಮೇಡಂ ಅವರ ಎಡ ಅಂಗೈ ಹಿಡಿದುಕೊಂಡು ಅದರ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಮೇಡಂಗೆ ಕಣ್ಣಿದ್ದಾಗ ಕಲಿತ ಅಕ್ಷರ ಮರೆತಿರಲಿಲ್ಲ. ಒಂದೊಂದೇ ಅಕ್ಷರ ಇಡೀ ಕ್ಲಾಸಿಗೆ ಕೇಳುವ ಹಾಗೆ ಓದಿದರು: "ನಿನ್ನೆಯ... ಲೆಕ್ಕ... ತಪ್ಪು." ಅಂಗೈಗೆ ಬಂದದ್ದು ಗುಟ್ಟಾಗಿರಬಾರದು, ಎಲ್ಲರಿಗೂ ಕೇಳಬೇಕು ಅನ್ನುವುದು ಅವರದೇ ಕಾನೂನು. ಉತ್ತರವನ್ನು ಬೋರ್ಡಿನ ಮೇಲೆ ಬರೆದರು. ಸಾಲು ಸೊಟ್ಟಗೆ ಹೋದಾಗ ಹುಡುಗಿಯೇ ಅವರ ಮಣಿಕಟ್ಟು ಹಿಡಿದು ಸರಿಯಾದ ಜಾಗಕ್ಕೆ ತಂದು ಇಟ್ಟಳು.

"ಯಾರು ಕಲಿಸಿದ್ರು ಇದನ್ನ?"

"ಯಾರೂ ಇಲ್ರಿ. ಕಾದು ಕಾದು ಆಕಿಗೇ ಸಾಕಾಗಿತ್ತು. ಆದ್ರ ಸರ್, ಇದು ಯಾವ ಪುಸ್ತಕದಾಗೂ ಇಲ್ಲ. ಸಾಹೇಬ್ರು ಬಂದು, ಇದೇನು ಪಾಠನಾ ಅಂದ್ರ, ಆ ಕಾಗದ ಅವತ್ತೇ ಕೊಟ್ಟುಬಿಡ್ರಿ. ಎಲ್ಲಿಗೆ ಬಂತು?"

"ನಾಲ್ಕನೇ ಸಾಲಿನಾಗ ಅದೀನ್ರಿ," ಅಂದೆ.

ಮೇಡಂ ಬೋರ್ಡಿನ ಕಡೆ ತಿರುಗಿ ಲೆಕ್ಕ ಒರೆಸಿದರು. ಹೆಡ್‌ಮಾಸ್ಟ್ರು ಕೊಟ್ಟೂರಿನಿಂದ ತರಿಸಿದ ಮಂಡಕ್ಕಿ, ಮಿರ್ಚಿ ಕೊಟ್ಟರು. ತಿಂದು ಮುಗಿದ ಮೇಲೆ ನೋಡುತ್ತೇನೆ, ಕೆಳಗೆ ನನ್ನ ಯೋಜನೆಯ ಮೂರನೇ ಪುಟ.

"ಹಾಳಿ ಭಾಳ ಚಲೋ ಅದಾವ ಸರ್," ಅಂದರು ಹೆಡ್‌ಮಾಸ್ಟ್ರು, "ಒಂದು ಹನಿ ಎಣ್ಣಿ ಇಳಿದಿಲ್ಲ ನೋಡ್ರಿ."

೪. ಹಿಂದಿನ ಬೆಂಚು

ಒಂದು ದಿನ ನಾನು ಶಾಲೆಯಲ್ಲಿದ್ದಾಗಲೇ ಸಾಹೇಬರು ಹೇಳದೆ ಕೇಳದೆ ಬಂದೇಬಿಟ್ಟರು. ಅದೂ ಊಟವಾದ ಮೇಲೆ. ಬಾಯಿ ಮೇಲೆ ಬೆರಳಿಟ್ಟು, ಚಪ್ಪಲಿ ಹೊರಗೆ ಬಿಟ್ಟು, ನನ್ನನ್ನೂ ಕರೆದುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಬ್ಯಾಗಿನಲ್ಲಿದ್ದ ಕಾಗದ ನೆನಪಾಗಿ ಬ್ಯಾಗನ್ನು ಬೆಂಚಿನ ಕೆಳಗೆ ತಳ್ಳಿದೆ. ಇವತ್ತು ಮಾತ್ರ ಮಲಗಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ಮೇಡಂ ರೊಟ್ಟಿ ಮುರಿದು ಅರ್ಧ, ಕಾಲು ಹೇಳಿಕೊಡುತ್ತಿದ್ದರು. ಕಿಟಕಿಯಲ್ಲಿ ತಂಪು ಗಾಳಿ.

ಮುಂದಿನದು ಹೆಡ್‌ಮಾಸ್ಟ್ರು ಹೇಳಿದ್ದರಿಂದ ನನಗೆ ಗೊತ್ತು.

ಹುಡುಗಿ ಎದ್ದು ಹೋಗಿ ಅಂಗೈ ಮೇಲೆ ಬರೆದಳು. ಮೇಡಂ ರೂಢಿಯಂತೆ ಗಟ್ಟಿಯಾಗಿ ಓದಿದರು: "ಹಿಂದೆ... ಒಬ್ಬ... ಬೋಳು ತಲಿ ಅಪ್ಪ... ಕುಂತಾನ."

ಬಂದವರು ಯಾರಿರಬಹುದು ಅಂತ ಮೇಡಂಗೆ ಹೊಳೆದು, ಕೈಯಲ್ಲಿದ್ದ ರೊಟ್ಟಿ ಚೂರು ಕೆಳಗೆ ಬಿತ್ತು. ಸಾಹೇಬರು ಮೆಲ್ಲಗೆ ಎದ್ದು ನಿಂತು, ತಲೆ ಸವರಿಕೊಂಡು, ತಮ್ಮ ಹೆಸರು, ಊರು ಹೇಳಿ, "ತಲಿ ವಿಷಯ ಖರೇನ ಐತ್ರಿ" ಅಂದರು.

ಹುಡುಗಿ ಮತ್ತೆ ಬರೆದಳು. ಮೇಡಂ ಓದಿದರು: "ಅವರ ಬಾಜೂಕ... ಬ್ಯಾಗಿನ ಸರ್... ಮಲಗ್ಯಾರ." ಓದಿ, ಅದೇ ಉಸಿರಿನಲ್ಲಿ, "ಅದನ್ನ ಬರೀಬೇಕಾಗಿಲ್ಲವ್ವ, ನನಗ ಅರ್ಧ ತಾಸಿನಿಂದ ಕೇಳಾಕತ್ತೈತಿ" ಅಂದರು.

ಇಡೀ ಕ್ಲಾಸು ನಕ್ಕ ಸಪ್ಪಳಕ್ಕೆ ನನಗೆ ಎಚ್ಚರವಾಯಿತು. ನೋಡಿದರೆ ಸಾಹೇಬರು ಮುಂದೆ ಹೋಗಿ ಹುಡುಗಿಗೆ ತಮ್ಮ ಅಂಗೈ ಚಾಚಿ ನಿಂತಿದ್ದಾರೆ. ಆಕೆ ಬರೆದದ್ದನ್ನು ಓದಲು ಮೂರು ಸಲ ತಪ್ಪಿದರು. ಇನ್ನೂ ಕನಸೇ ಇರಬೇಕು ಅಂದುಕೊಂಡೆ. ಹೋಗುವಾಗ, "ಉಳಿದ ಶಾಲಿಯವರೂ ಬಂದು ನೋಡ್ಲಿ, ಮೇಡಂ ಕ್ಲಾಸು ಮಾತ್ರ ಯಾರೂ ಬದಲಿ ಮಾಡಬ್ಯಾಡ್ರಿ" ಅಂದು ಹೋದರು.

ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದೆ. ಪಕ್ಕದಿಂದ ಮೇಡಂ, "ಸರ್, ಮಲಗೋದಕ್ಕಿಂತ ಮುಂಚೆ ಒಂದು ಮಾತು. ನನ್ನ ಕಾಗದ ಎಲ್ಲಿಗೆ ಬಂತು?"

"ಏಳನೇ ಸಾಲಿನಾಗ ಅದೀನಿ ನೋಡ್ರಿ. ಇನ್ನಾ ಭಾಳ ಐತಿ."

"ಹಂಗಾದ್ರ ಅಲ್ಲಿಗೇ ಬಿಡ್ರಿ. ಇನ್ನ ಕೊಡೋದು ಬ್ಯಾಡ."

ನನಗೆ ಜೀವ ಬಂದಂಗಾಯಿತು. ಹಾಯಾಗಿ ಕಣ್ಣು ಮುಚ್ಚಿದೆ.

"ಆದ್ರ ಸರ್," ಅಂದರು ಮೇಡಂ, "ನಾ ಬರೆದಿದ್ದು ಎರಡೇ ಸಾಲು."