ಮೂರನೇ ಸುರುಳಿಗೆ ಅಪ್ಪಣೆಯಿಲ್ಲ

ಮುಳಬಾಗಿಲಿನಲ್ಲಿದ್ದ ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಕರೆಂಟಿನ ಸಾಮಾನುಗಳ ಮೇಲೆ ಕರುಣೆ ಹೆಚ್ಚು ಎಂದರೆ ನೀವು ನಂಬಲೇಬೇಕು. ಚಟ್ನಿ ಅರೆಯುವಾಗ ನಡುವೆ ಮಿಕ್ಸಿ ನಿಲ್ಲಿಸಿ, "ಪಾಪ, ಸ್ವಲ್ಪ ಸುಧಾರಿಸ್ಕೊಳ್ಳಲಿ" ಅನ್ನುವರು. ಅಲ್ಲಿಯತನಕ ನಾವು ಇಡ್ಲಿಯ ಮುಖ ನೋಡುತ್ತಾ ಕೂರಬೇಕು. ಇಂಥವರ ಜೊತೆ ಸಂಸಾರ ಮಾಡುವುದು ಸುಲಭವೇ?

ಎಲ್‌ಇಡಿ ಪಟ್ಟಿಗಳು ನಮ್ಮ ಕಡೆಗೆ ಆಗಷ್ಟೇ ಬಂದಿದ್ದವು. ಆ ವರ್ಷ ಅತ್ತೆಗೆ ದಸರಾ ಬೊಂಬೆಗಳಿಗೆ ಅದೇ ದೀಪ ಬೇಕಾಯಿತು. ಅಂಗಡಿಯವನು ಮೂರು ಸುರುಳಿ, ಒಂದು ಅಡಾಪ್ಟರ್ ಮುಂದಿಟ್ಟ. ಮಾವ ಕನ್ನಡಕ ಏರಿಸಿ ಅಡಾಪ್ಟರಿನ ಬೆನ್ನು ಓದಿದರು.

"ಒಂದು ಸುರುಳಿಗೆ ಇಪ್ಪತ್ನಾಲ್ಕು ವ್ಯಾಟು. ಇದು ಕೊಡೋದೇ ಅರವತ್ತು. ಮೂರು ಹೇಗಯ್ಯಾ ಎಳೆಯುತ್ತೆ?"

"ಏಮೂ ಕಾದು ಸಾರ್, ಏನೂ ಆಗಲ್ಲ. ಹಾಕ್ಕೊಳ್ಳಿ."

"ನಿನ್ನ ತಲೆ ಮೇಲೆ ಮೂರು ಮೂಟೆ ಇಟ್ಟು ಏನೂ ಆಗಲ್ಲ ಅಂತೀನಿ, ಹೊರ್ತೀಯಾ?"

ಮೂರನ್ನೂ ತಂದರೂ ಮನೆಯಲ್ಲಿ ಎರಡೇ ಸುರುಳಿ ಉರಿದವು. ಮೇಲೆ ರಾಜ ರಾಣಿ ಝಗಝಗ. ಕೆಳಗಿನ ಮೆಟ್ಟಿಲಿನ ಸೆಟ್ಟಿ ದಂಪತಿಗೆ ಕತ್ತಲಲ್ಲೇ ವ್ಯಾಪಾರ. ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆ, "ಸೆಟ್ಟಿ ಅಂಗಡಿಗೆ ಮಾತ್ರ ಲೋಡ್ ಶೆಡ್ಡಿಂಗೇನ್ರೀ?" ಎಂದರು.

ಅತ್ತೆ ನಗಲಿಲ್ಲ. ಆಕೆ ಹೋದಮೇಲೆ ಕೆಳಗಿನ ಬೊಂಬೆಗಳನ್ನು ಬೆರಳಿನಿಂದ ತಡವುತ್ತಾ ಕೂತರು. ಅವರ ಕಣ್ಣಿನ ಪೊರೆ ಬಲಿತಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬಾರದೆ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು.

"ನಮ್ಮಮ್ಮ ಕೊಟ್ಟ ಬೊಂಬೆ ಯಾವುದು ಅಂತಾನೇ ಗೊತ್ತಾಗ್ತಿಲ್ಲ ರೀ. ಮೂರನೇದೂ ಹಾಕ್ಬಿಡಿ, ಒಂದು ಗಳಿಗೆ."

"ಆಗಲ್ಲ ಕಣೇ. ಸುತ್ತ ಎಲ್ಲ ಬಟ್ಟೆ. ಅಡಾಪ್ಟರ್ ಕಾದ್ರೆ ಬೆಂಕಿ ಹತ್ಕೊಳ್ಳುತ್ತೆ."

ಎಂಥ ಕಲ್ಲು ಮನುಷ್ಯ ಎಂದು ನನಗೇ ಸಿಟ್ಟು ಬಂತು.

ಮರುದಿನ ಮಾವ ತಿಂಡಿಗೂ ನಿಲ್ಲದೆ ಕೋಲಾರದ ಬಸ್ಸು ಹತ್ತಿದರು. ಮಧ್ಯಾಹ್ನ ಬಂದಾಗ ಕೈಯಲ್ಲಿ ನೂರಿಪ್ಪತ್ತು ವ್ಯಾಟಿನ ಪವರ್ ಸಪ್ಲೈ, ಜೊತೆಗೆ ಇನ್ನೊಂದು ಸುರುಳಿ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟದೆ, ಪ್ರತಿ ಸುರುಳಿಗೂ ಬೇರೆ ತಂತಿ ಎಳೆದರು. ಸಪ್ಲೈಯನ್ನು ಬಟ್ಟೆಯಿಂದ ದೂರ, ಗಾಳಿಯಾಡುವ ಕಡೆ ಇಟ್ಟರು. ನಾಲ್ಕನೆಯದು ಯಾಕೆಂದು ಕೇಳಿದೆ. ಮಾವ ಅದನ್ನೂ ಕೆಳಗಿನ ಮೆಟ್ಟಿಲಿಗೇ ಅಂಟಿಸಿದರು.

ಸ್ವಿಚ್ ಹಾಕಿದಾಗ ಅತ್ತೆ ಬಗ್ಗಿ, ಒಂದು ಮರದ ಬೊಂಬೆಯನ್ನೆತ್ತಿ ಮೂಗಿನ ಹತ್ತಿರ ಹಿಡಿದರು.

"ಇದೇ ರೀ. ಕೆನ್ನೆ ಬಣ್ಣ ಇನ್ನೂ ಹೋಗಿಲ್ಲ."

ಮಾವ ಮಂಡಿ ಹಿಡಿದುಕೊಂಡು ಅವರ ಪಕ್ಕದಲ್ಲಿ ನೆಲಕ್ಕೆ ಕೂತರು.

"ನಿಧಾನವಾಗಿ ನೋಡು. ಎಷ್ಟೊತ್ತು ಬೇಕಾದ್ರೂ ಉರಿಯುತ್ತೆ."