ಸಿಂಧನೂರು ಪಾರ್ಟಿ

ಎಲ್ಲಾ ಶುರುವಾದದ್ದು ಲಿಂಗಸುಗೂರಿನ ಮ್ಯಾಚಿನಿಂದ. ಆ ಮ್ಯಾಚಿಗೆ ಆದಪ್ಪ ಹೋಗಿರಲೇ ಇಲ್ಲ ಅನ್ನುವುದು ಬೇರೆ ಮಾತು.

ಸಿಂಧನೂರಿನ ಅಕ್ಕಿ ಗಿರಣಿಯೊಂದರ ಗುಮಾಸ್ತ ಆದಪ್ಪನಿಗೆ ಬಸ್ಸು ಹತ್ತಿದರೆ ವಾಂತಿ. ಆದರೂ ಊರಿನ ಫುಟ್ಬಾಲ್ ತಂಡ ಪರವೂರಿಗೆ ಹೋದಾಗಲೆಲ್ಲ ತಾನೂ ಹೋಗಿದ್ದೆನೆಂದು ಚಹಾದ ಹೊತ್ತಿನಲ್ಲಿ ಬಡಾಯಿ ಕೊಚ್ಚುತ್ತಿದ್ದ. "ಲಿಂಗಸುಗೂರಾಗ ಏನ್ ಮಂದಿ, ಏನ್ ಹಲಗಿ ಬಡಿತ! ನಮ್ಮ ಪಾರ್ಟಿ ಗೋಲ್ ಹೊಡದ ಕೂಡ್ಲೇ ಗಿಡದ ಮ್ಯಾಲಿದ್ದಾವ್ರು ಕೆಳಗ ಬಿದ್ರಲೇ!" ಹಮಾಲರು ಚೀಲ ಇಳಿಸಿ ಬಾಯಿ ಬಿಟ್ಟು ಕೇಳುತ್ತಿದ್ದರು. ಆ ಒಂದು ಹೊತ್ತು ಗಿರಣಿಗೆ ಅವನೇ ಸಾಹುಕಾರ.

ಲಾರಿ ಡ್ರೈವರ್ ಕರೀಂಸಾಬನಿಗೆ ಮಾತ್ರ ಅನುಮಾನ. "ಐತವಾರ ಮಸ್ಕ್ಯಾಗ ಫೈನಲ್ ಐತಿ. ನಾನೂ ಬರ್ತೀನಿ. ಅಲ್ಲಿ ನೀ ಕಾಣಲಿಲ್ಲಂದ್ರ ಗಿರಣ್ಯಾಗ ಮತ್ತ ಫುಟ್ಬಾಲ್ ಮಾತು ತೆಗೀಬಾರದು. ಕಬೂಲ್?"

ಅಷ್ಟು ಮಂದಿಯ ಎದುರು ಕಬೂಲ್ ಅನ್ನದೆ ಗತಿಯಿರಲಿಲ್ಲ.

ಐತವಾರ ಲಿಂಬೆಹಣ್ಣು ಮೂಸುತ್ತ, ದೇವರನ್ನು ನೆನೆಯುತ್ತ ಆದಪ್ಪ ಮಸ್ಕಿಯಲ್ಲಿ ಇಳಿದ. ಕಣ್ಣಿಗೆ ಕತ್ತಲೆ ಬಂದಿತ್ತು. ಆಗ ದಪ್ಪ ಕನ್ನಡಕದ ಹಿರಿಯರೊಬ್ಬರು ಓಡಿಬಂದು ಕೈ ಹಿಡಿದರು.

"ಸಿಂಧನೂರು ಪಾರ್ಟಿ ಏನ್ರೀ?"

"ಹೌದ್ರೀ!"

"ಫೋಟೊದಾಗ ಕೂದಲ ಜಾಸ್ತಿ ಇದ್ವಲ್ರೀ?"

ಯಾವ ಫೋಟೊ ಅಂತ ಅವನಿಗೆ ತಿಳಿಯಲಿಲ್ಲ. "ಹಳೇದಿರಬೇಕ್ರೀ," ಅಂದ.

ಹಿರಿಯರ ಹೆಸರು ಬಸ್ಸಪ್ಪ. ಆಟೊದಲ್ಲಿ ಕೂರಿಸಿಕೊಂಡು ಮನೆಗೇ ಕರೆದೊಯ್ದರು. ಬಾಗಿಲಲ್ಲಿ ಹಲಗೆ ಬಾರಿಸಿದರು, ಹೆಂಗಸರು ಆರತಿ ಎತ್ತಿದರು, ಯಾರೋ ತಲೆಗೆ ರುಮಾಲು ಸುತ್ತಿದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಬಂದವು. ಎದುರು ಪಾರ್ಟಿಯವರಿಗೆ ಇಷ್ಟು ಮರ್ಯಾದೆಯೇ! ತಾನು ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಕಮ್ಮಿಯೇ ಆಯಿತಲ್ಲ ಎಂದುಕೊಂಡು ಆದಪ್ಪ ಇನ್ನೊಂದು ಮಿರ್ಚಿ ಎತ್ತಿಕೊಂಡ.

"ನಾವು ಬಂದೀವಂದ್ರ ಗೆದ್ಕೊಂಡೇ ಹೋಗಾವ್ರು ನೋಡ್ರೀ!" ಎಂದ.

ಮನೆಯೆಲ್ಲ ನಕ್ಕಿತು. "ಹುಡುಗ ಭಾರಿ ಧೈರ್ಯಸ್ಥ," ಎಂದರು ಬಸ್ಸಪ್ಪ. "ಇದಕ್ಕ ಮೊದಲ ಎಲ್ಲೆಲ್ಲಿ ನೋಡೀರಿ?"

"ದಢೇಸುಗೂರಾಗ ನೋಡೀನಿ. ಲಿಂಗಸುಗೂರಾಗ ಎರಡು ಸಲ. ಮೊದಲನೇದು ಡ್ರಾ ಆತ್ರೀ. ಎರಡನೇದಕ್ಕ ಹೊಡೆದಾಟ ಆಗಿ ಪೊಲೀಸ್ರು ಬಂದ್ರು."

ಎಲ್ಲರೂ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಜರಿ ಸೀರೆಯುಟ್ಟ ಹುಡುಗಿಯೊಬ್ಬಳು ಚಹಾದ ತಾಟು ಹಿಡಿದು ಬಂದು ಅವನೆದುರೇ ಕೂತಳು.

"ನಮ್ಮ ಪ್ರಿಯಾಂಕಾ. ಒಬ್ಬಾಕೇ ಮಗಳು, ಅದಕ್ಕ ಹೆಣ್ಣ ನೋಡಾಕ ಬಂದ್ರೂ ಹಲಗಿ ಹೇಳೀವಿ. ಒಪ್ಪಿಗೇನ್ರೀ?" ಎಂದರು ಬಸ್ಸಪ್ಪ.

ಆದಪ್ಪನ ಬಾಯೊಳಗಿನ ಮಿರ್ಚಿ ಅಲ್ಲೇ ನಿಂತಿತು.

"ಅಯ್ಯೋ ಯಪ್ಪಾ! ನನಗ ಮದುವಿ ಆಗೇತ್ರೀ!"

ಹಲಗೆ ನಿಂತಿತು. ಹಲಗೆಯವನೇ ಮೊದಲು ಕೋಲೆತ್ತಿದ. ಆದಪ್ಪ ಕಾಂಪೌಂಡು ಜಿಗಿದು ಓಡಿದ. ದಾರಿ ಕೇಳಿಕೊಂಡು ಮೈದಾನ ಮುಟ್ಟಿದಾಗ ಅಲ್ಲಿ ಎರಡು ಆಡು ಮೇಯುತ್ತಿದ್ದವು.

ವಾಪಸ್ ಬಸ್ಸಿನಲ್ಲಿ ಕಪ್ ಹಿಡಿದ ಹುಡುಗರು, ನಡುವೆ ಕರೀಂಸಾಬ್. "ಎಲ್ಲಿದ್ದಿಲೇ? ಮೈದಾನೆಲ್ಲ ಹುಡುಕಿದ್ವಿ."

ಆದಪ್ಪ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದ. ಜೀವಮಾನದಲ್ಲೇ ಅಷ್ಟು ನಿಜ ಅವನ ಬಾಯಿಂದ ಬಂದಿರಲಿಲ್ಲ. ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದು ನಕ್ಕಿತು. "ಬಾಳ ಕೇಳೀನಿ ನಿನ್ನ ಸುಳ್ಳು, ಇಂಥಾದ್ದು ಇಲ್ಲ ಬಿಡು!" ಎಂದ ಕರೀಂಸಾಬ್. "ನಾಳಿಯಿಂದ ಬಾಯಿ ಬಂದ್."

ಸಂಕಟದಿಂದ ಮನೆಗೆ ಬಂದ. ಹೆಂಡತಿ ಅಮರೇಶ್ವರಿ ಅವನ ತಲೆಯ ರುಮಾಲು, ಹಣೆಯ ಕುಂಕುಮ ನೋಡಿದಳು.

"ಫುಟ್ಬಾಲ್ ನೋಡಾಕ ಹೋಗಿದ್ದೆ," ಎಂದ.

"ಸುಳ್ಳ ಹೇಳಬ್ಯಾಡ್ರಿ."

ಆಣೆ ಮಾಡಿ ಇದ್ದದ್ದು ಇದ್ದಂಗೆ ಹೇಳಿದ. ಅಮರೇಶ್ವರಿ ನಗಲಿಲ್ಲ. ಒಂದೊಂದು ಮಾತನ್ನೂ ನಂಬಿದಳು. "ಮತ್ತ... ಹುಡುಗಿ ಹೆಂಗದಾಳ?" ಎಂದು ಮೆಲ್ಲಗೆ ಕೇಳಿದಳು.

ಅಂತೂ ನಂಬುವವರೊಬ್ಬರು ಸಿಕ್ಕರಲ್ಲ! ಆದಪ್ಪನಿಗೆ ಹುರುಪು ಬಂತು. ಚಕ್ಕಳಮಕ್ಕಳ ಹಾಕಿ ಕೂತು, "ಏನ್ ಬಣ್ಣಲೇ, ಏನ್ ಕಣ್ಣು!" ಎಂದು ಶುರು ಮಾಡಿದ. ಜಡೆಗೆ ಬರುವಷ್ಟರಲ್ಲಿ ಅಮರೇಶ್ವರಿ ಎದ್ದು ಅಡುಗೆಮನೆಗೆ ಹೋಗಿದ್ದಳು; ಒಳಗಿನಿಂದ ಸ್ಟೀಲಿನ ತಾಟು ಹಾರಿಬಂತು. ತಡೆಯಲು ಎರಡೂ ಕೈ ಚಾಚಿದ, ಆದರೂ ಗೋಲಾಯಿತು.